ಕೆರೆಗೆ ಹೋಗಿ, ಚುರುಮುರಿ ಬೇಡ

ಪ್ರಶ್ನೆ: ಎಳ್ಳ ಅಮಾವಾಸ್ಯೆಗೆ ಲಕ್ಷ್ಮೇಶ್ವರದ ಹತ್ತಿರ ತಂಗಿಯ ಊರಿಗೆ ಹೋಗುತ್ತೇವೆ. ಚರಗ ಮುಗಿಸಿ ಮಕ್ಕಳನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಹಕ್ಕಿಗಳಿಗೆ ಚುರುಮುರಿ ಹಾಕಬಹುದಾ? ಎಷ್ಟು ಹತ್ತಿರ ಹೋಗಬಹುದು?
– ಹುಬ್ಬಳ್ಳಿಯ ಓದುಗರು

ಉತ್ತರ: ಖಂಡಿತ ಹೋಗಿ. ಮಕ್ಕಳಿಗೆ ತೋರಿಸಲೇಬೇಕಾದ ಜಾಗ ಅದು. ಶಿರಹಟ್ಟಿ ತಾಲೂಕಿನ ಈ ಊರ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಂದರೆ ಜಗತ್ತೇ ಕಾಪಾಡಬೇಕು ಅಂತ ಗುರುತಿಸಿದ ನೀರಿನ ತಾಣಗಳಲ್ಲಿ ಇದೂ ಒಂದು.

ಚುರುಮುರಿ ಮಾತ್ರ ಬೇಡ. ಅಲ್ಲಿ ಚಳಿಗಾಲಕ್ಕೆ ಬಂದಿಳಿಯುವುದು ಮುಖ್ಯವಾಗಿ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. ಅದಕ್ಕೆ ಊಟದ ಕೊರತೆ ಇಲ್ಲ, ಸುತ್ತಲಿನ ಹೊಲಗಳಲ್ಲಿ ಹುಲ್ಲು, ಕಾಳು, ಎಳೆ ಪೈರು ಮೇಯ್ದು ಬಂದು ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತದೆ. ಅಂದರೆ ನೀವು ನೋಡಲು ಹೋಗುವ ಹೊತ್ತು ಅದರ ವಿಶ್ರಾಂತಿಯ ಹೊತ್ತು.

ಎಷ್ಟು ಹತ್ತಿರ ಅನ್ನುವುದನ್ನು ಹಕ್ಕಿಗಳೇ ಹೇಳುತ್ತವೆ. ನಿಶ್ಚಿಂತೆಯಿಂದ ಇರುವಾಗ ಕೆಲವು ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ಮಲಗಿರುತ್ತವೆ, ಕೆಲವು ಗರಿ ತಿದ್ದಿಕೊಳ್ಳುತ್ತಿರುತ್ತವೆ. ನೀವು ಹತ್ತಿರವಾದಂತೆ ಒಂದು ಕುತ್ತಿಗೆ ನೆಟ್ಟಗಾಗುತ್ತದೆ. ಆಮೇಲೆ ನಾಲ್ಕು, ಆಮೇಲೆ ಇಡೀ ಗುಂಪು. ಮೊದಲ ಕುತ್ತಿಗೆ ಎದ್ದಾಗಲೇ ನಿಂತುಬಿಡಿ, ಎರಡು ಹೆಜ್ಜೆ ಹಿಂದೆ ಬನ್ನಿ. ಅವು ಮತ್ತೆ ತಲೆ ತಗ್ಗಿಸಿದರೆ ಅದೇ ಸರಿಯಾದ ದೂರ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ, ತುಂಬಾ ಚುರುಕಾಗಿ ಗಮನಿಸುತ್ತಾರೆ.

ಚಪ್ಪಾಳೆ ತಟ್ಟಿ, ಕಲ್ಲು ಒಗೆದು ಇಡೀ ಗುಂಪನ್ನು ಎಬ್ಬಿಸಿ ರೀಲ್ಸ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುಮ್ನೆ ಹಾರಿ ಕೂತವು, ಏನಾಯ್ತು ಅನ್ನುತ್ತಾರೆ. ಹೆಬ್ಬಾತು ಭಾರದ ಹಕ್ಕಿ, ರೆಕ್ಕೆ ಬಡಿಯುತ್ತಲೇ ಹಾರಬೇಕು, ಪ್ರತಿ ಸಲ ಎದ್ದಾಗಲೂ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತದೆ, ಬೇಸಿಗೆ ಬರುವಷ್ಟರಲ್ಲಿ ಅದೇ ಕೊಬ್ಬಿನ ಬಲದ ಮೇಲೆ ಮತ್ತೆ ಹಿಮಾಲಯ ಏರಬೇಕು. ದಿನಕ್ಕೆ ಹತ್ತು ಗುಂಪು ಜನ ಬಂದು ಹತ್ತು ಸಲ ಎಬ್ಬಿಸಿದರೆ ಅದು ಏನು ಕೂಡಿಡಬೇಕು? ಡ್ರೋನ್ ಅಂತೂ ಬೇಡವೇ ಬೇಡ. ಮೇಲಿಂದ ಬರುವ ಯಾವುದೇ ನೆರಳು ಅವಕ್ಕೆ ಹದ್ದಿನ ಹಾಗೆ.

ಒಂದು ದುರ್ಬೀನು ಇದ್ದರೆ ಸಾಕು, ಏರಿಯ ಮೇಲಿಂದಲೇ ಎಲ್ಲ ಕಾಣುತ್ತದೆ. ಕಾರನ್ನು ಹೊಲದ ದಾರಿಗೆ ಅಡ್ಡ ನಿಲ್ಲಿಸಬೇಡಿ. ಈ ಹಕ್ಕಿಗಳಿಗೆ ಊಟ ಹಾಕುತ್ತಿರುವುದು ಅಲ್ಲಿನ ರೈತರ ಹೊಲ, ಅದನ್ನು ನಾವು ತುಳಿಯಬಾರದು ಅಲ್ವಾ?

ಪ್ರಶ್ನೆ: ದಿನಾ ಉಣಕಲ್ ಕೆರೆ ಸುತ್ತ ವಾಕಿಂಗ್ ಹೋಗುತ್ತೇನೆ. ಮೀನಿಗೆ ಬ್ರೆಡ್ ಹಾಕಿದರೆ ಪುಣ್ಯ ಅಂತಾರೆ. ಹಾಕಲಾ?
– ಹುಬ್ಬಳ್ಳಿ

ಉತ್ತರ: ಬೇಡ. ತಿನ್ನದೆ ಉಳಿದ ಬ್ರೆಡ್ ನೀರಲ್ಲಿ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಅಂತರಗಂಗೆಗೂ ಪಾಚಿಗೂ ಅದೇ ಗೊಬ್ಬರ. ಆ ಕೆರೆ ಅಂತರಗಂಗೆಯಿಂದ ಪಟ್ಟ ಪಾಡು ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ. ಪುಣ್ಯ ಬೇಕಿದ್ದರೆ ದಂಡೆಯಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲ ಹೆಕ್ಕಿ.

ಪ್ರಶ್ನೆ: ನಮ್ಮ ಗೋವಿನಜೋಳದ ಹೊಲದ ಬದುವಿನಲ್ಲಿ ಚಿಗರಿ ಮರಿಯೊಂದು ಅಲುಗಾಡದೆ ಮಲಗಿತ್ತು. ತಾಯಿ ಕಾಣಲಿಲ್ಲ. ಮನೆಗೆ ತಂದು ಹಾಲು ಕುಡಿಸಬೇಕಿತ್ತೇ?
– ರಾಣೆಬೆನ್ನೂರು ಕಡೆಯ ರೈತರು

ಉತ್ತರ: ತರದೇ ಇದ್ದದ್ದು ಒಳ್ಳೆಯದಾಯಿತು. ಕೃಷ್ಣಮೃಗದ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಹೀಗೇ ಹುಲ್ಲಿನಲ್ಲಿ ಅಡಗಿ ಮಲಗುತ್ತದೆ. ತೋಳಕ್ಕೆ, ನಾಯಿಗೆ ಸುಳಿವು ಸಿಗದಿರಲಿ ಅಂತ ತಾಯಿ ದೂರ ಮೇಯುತ್ತದೆ, ಹಾಲುಣಿಸಲು ಬಂದು ಹೋಗುತ್ತದೆ. ನಾವು ಅಲ್ಲೇ ನಿಂತಿದ್ದರೆ ಅದು ಬರುವುದೇ ಇಲ್ಲ. ಅನಾಥ ಅಂತ ಎತ್ತಿಕೊಂಡು ಬಂದ ಮರಿಗೆ ನಿಜವಾಗಿ ತಾಯಿ ಇರುತ್ತದೆ, ನಾವೇ ಅಗಲಿಸಿರುತ್ತೇವೆ. ಮನೆಯ ಹಾಲು ಅದಕ್ಕೆ ಒಗ್ಗುವುದೂ ಕಷ್ಟ. ಜೊತೆಗೆ, 1972ರ ವನ್ಯಜೀವಿ ಕಾಯ್ದೆಯಲ್ಲಿ ಈ ಪ್ರಾಣಿ ಮೊದಲ ಅನುಸೂಚಿಯಲ್ಲಿದೆ, ಸಾಕುವುದು ಅಪರಾಧ. ಗಾಯ ಕಂಡರೆ ಅಥವಾ ನಾಯಿಗಳು ಸುತ್ತುವರಿದರೆ ಅರಣ್ಯ ಇಲಾಖೆಗೆ ತಿಳಿಸಿ, ಸಹಾಯವಾಣಿ 1926. ಇಲ್ಲದಿದ್ದರೆ ನಾಯಿ ಕಟ್ಟಿಹಾಕಿ, ಆ ಬದುವಿನ ಕೆಲಸ ಕೆಲವು ದಿನ ಮುಂದಕ್ಕೆ ಹಾಕಿ.

ಪ್ರಶ್ನೆ: ಫೆಬ್ರುವರಿಯಲ್ಲಿ ಗೆಳೆಯರೆಲ್ಲ ಕಪ್ಪತಗುಡ್ಡದಲ್ಲಿ ರಾತ್ರಿ ಟೆಂಟ್ ಹಾಕಿ, ಬೆಂಕಿ ಕಾಯಿಸಿಕೊಂಡು ಇರೋಣ ಅಂತಿದ್ದೇವೆ. ಆಗುತ್ತಾ?
– ಗದಗದ ಕಾಲೇಜು ವಿದ್ಯಾರ್ಥಿ

ಉತ್ತರ: ಆಗುವುದಿಲ್ಲ. 2019ರಿಂದ ಅದು ವನ್ಯಜೀವಿಧಾಮ. ರಾತ್ರಿ ಅಲ್ಲಿ ಕತ್ತೆಕಿರುಬ, ತೋಳ ಓಡಾಡುವ ಹೊತ್ತು. ಫೆಬ್ರುವರಿ ಹೊತ್ತಿಗೆ ಬೋದ ಹುಲ್ಲು ಒಣಗಿ ಗರಗರ ಅನ್ನುತ್ತಿರುತ್ತದೆ, ಗಾಳಿಯಂತೂ ನಿಮಗೆ ಗೊತ್ತೇ ಇದೆ, ಗಾಳಿ ಯಂತ್ರಗಳನ್ನು ಅಲ್ಲೇ ಯಾಕೆ ನೆಟ್ಟಿದ್ದಾರೆ ನೋಡಿ. ಒಂದು ಕಿಡಿ ಸಾಕು. ನೆಲದಲ್ಲೇ ಗೂಡು ಕಟ್ಟುವ ಹಕ್ಕಿ, ಮೊಲ, ಬೇರಿನಲ್ಲಿ ಜೀವ ಹಿಡಿದಿರುವ ಔಷಧಿ ಗಿಡ, ಯಾವುದಕ್ಕೂ ಓಡಿ ತಪ್ಪಿಸಿಕೊಳ್ಳುವಷ್ಟು ಸಮಯ ಸಿಗುವುದಿಲ್ಲ. ಮಳೆ ಬಿದ್ದು ಗುಡ್ಡ ಹಸಿರಾದ ಮೇಲೆ, ಅರಣ್ಯ ಕಚೇರಿಯಲ್ಲಿ ಕೇಳಿಕೊಂಡು, ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯಿರಿ. ರೊಟ್ಟಿ ಬುತ್ತಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ. ಸ್ಪೀಕರ್, ಬೆಂಕಿಪೊಟ್ಟಣ ಎರಡೂ ಮನೆಯಲ್ಲೇ ಇರಲಿ.