ಬೋರ್ ನೀರು ತೆಗೆದರೆ ಕುಷ್ಟಗಿ ಕುಸಿಯುತ್ತಾ?

ನಮಸ್ಕಾರ್ರೀ. ಕುಷ್ಟಗಿಯ ಹೊಸ ಮನೆ ಗೋಡೆ ಬಿರುಕು ಬಿಟ್ಟಿದೆ, ಇಂಡೋನೇಷ್ಯಾದ ಜಕಾರ್ತದ ಹಾಗೆ ನಮ್ಮೂರೂ ಬೋರ್‌ನಿಂದ ಕುಸೀತಿದೆಯಾ ಅಂತ ಕೇಳಿದ್ದೀರಿ. ಇಲ್ಲರೀ, ಅದೇ ಬೇರೆ, ಇದೇ ಬೇರೆ.

ಜಕಾರ್ತ, ಅಮೆರಿಕದ ಹ್ಯೂಸ್ಟನ್ ಕಡಲ ಕಡೆಯ ಊರುಗಳು. ಕೆಳಗೆ ನೂರಾರು ಅಡಿ ಮರಳು, ಜೇಡಿಮಣ್ಣು. ನೀರು ಎಳೆದಂತೆಲ್ಲ ಜೇಡಿ ಅಮುಕಿಕೊಳ್ಳುತ್ತದೆ. ಆಮೇಲೆ ನೀರು ಏರಿದರೂ ನೆಲ ಬಹುಪಾಲು ಮೇಲೇಳಲ್ಲ. ಹ್ಯೂಸ್ಟನ್ ಸುತ್ತ 1979ರ ಹೊತ್ತಿಗೆ ಕೆಲವು ಕಡೆ 10 ಅಡಿಯಷ್ಟು ಇಳಿದಿತ್ತು!

ಅದನ್ನು ಅಳೆಯೋ ರೀತಿ ನನಗೆ ಬಹಳ ಇಷ್ಟ. ಆಳಕ್ಕೆ ಬೋರ್ ಕೊರೆದು, ತಳದ ಗಟ್ಟಿ ಪದರದ ಮೇಲೆ ಪೈಪ್ ನಿಲ್ಲಿಸುತ್ತಾರೆ. ಪೈಪ್ ಕದಲಲ್ಲ, ಸುತ್ತಲ ನೆಲ ಇಳಿಯುತ್ತೆ. ನೋಡೋರಿಗೆ ಪೈಪೇ ಮೇಲೆ ಎದ್ದ ಹಾಗೆ. ಎಕ್ಸ್‌ಟೆನ್ಸೋಮೀಟರ್ ಅಂದರೆ ಇದೇ. ಪಕ್ಕದಲ್ಲೇ ನೀರಿನ ಮಟ್ಟವನ್ನೂ ಅಳೆಯುತ್ತಾರೆ.

ನಮ್ಮ ಕೆಳಗಿರೋದು ಗ್ರಾನೈಟ್, ಮತ್ತೆ ನೈಸ್ (gneiss) ಅನ್ನೋ ಗಟ್ಟಿ ಕಲ್ಲು. ನೀರು ನಿಲ್ಲೋದು ಕಲ್ಲಿನ ಬಿರುಕಲ್ಲಿ, ಮೇಲಿನ ಸವಕಲು ಪದರದಲ್ಲಿ. ಬೋರ್ ಬತ್ತಬಹುದು, ಊರು ಹಾಗೆ ಕುಸಿಯಲ್ಲ.

ಪಾಯ ಎರೆ ಮಣ್ಣಿನ ಮೇಲಿದೆಯಾ ನೋಡಿ. ನನಗೆ ಅದರ ಮೇಲೇ ಅನುಮಾನ. ಎರೆ ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಸೀಳುತ್ತೆ. ನಮ್ಮ ಹಿತ್ತಲ ಗೋಡೆಯ ಬಿರುಕಲ್ಲಿ ಮೇ ತಿಂಗಳು ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು, ಸೆಪ್ಟೆಂಬರ್‌ನಲ್ಲಿ ಸಿಕ್ಕಿಕೊಂಡಿತು. ಬಿರುಕಿನ ಎರಡೂ ಕಡೆ ಪೆನ್ಸಿಲ್ ಗೆರೆ ಹಾಕಿ, ತಾರೀಖು ಬರೆದು, ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು ನೋಡಿ. ಬಿರುಕು ಬಿಡದೆ ಅಗಲವಾಗುತ್ತಲೇ ಹೋದರೆ ಸುಮ್ನೆ ಕೂರಬೇಡಿ, ಎಂಜಿನಿಯರ್‌ಗೆ ತೋರಿಸಿ.