ಜಂಬಿಟ್ಟಿಗೆಯೊಳಗಿನ ನೀರು ಮತ್ತು ಕಾರ್ಡಿ ಸೂತ್ರ

ಪ್ರಶ್ನೆ: ಊರು ತೀರ್ಥಹಳ್ಳಿ, ಶಿವಮೊಗ್ಗದಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಎರಡು ಆಯಾಮದ ಕನ್‌ಫಾರ್ಮಲ್ ಫೀಲ್ಡ್ ಥಿಯರಿ ಎಂಬ ಫಿಸಿಕ್ಸ್ ಸಿದ್ಧಾಂತಕ್ಕೂ ಪ್ರಾಬಬಿಲಿಟಿಗೂ ನಂಟಿದೆ ಅಂತಾರೆ. ನನಗೆ ಫಿಸಿಕ್ಸ್ ಅಷ್ಟಾಗಿ ಬರುವುದಿಲ್ಲ ಸರ್. ಎಲ್ಲಿಂದ ಶುರು ಮಾಡಲಿ?

ಉತ್ತರ: ಪರ್ಕೊಲೇಶನ್‌ನಿಂದ, ಅಂದರೆ ತೂತುಗಳ ನಡುವೆ ನೀರು ಜಿನುಗುವ ಗಣಿತದಿಂದ, ಶುರು ಮಾಡಿ. ಫೀಲ್ಡ್ ಥಿಯರಿಯ ದಪ್ಪ ಪುಸ್ತಕಗಳನ್ನು ಆಮೇಲೆ ನೋಡಿದರಾಯ್ತು.

ನಿಮ್ಮ ಕಡೆ ಮನೆಗೋಡೆಗೆ ಹಾಕುವ ಜಂಬಿಟ್ಟಿಗೆ ನೋಡಿದ್ದೀರಲ್ವಾ, ಮೈಯೆಲ್ಲ ತೂತು. ಮಳೆಗಾಲದಲ್ಲಿ ಒಂದು ಬದಿಯ ನೀರು ಆ ತೂತುಗಳಲ್ಲೇ ದಾರಿ ಮಾಡಿಕೊಂಡು ಇನ್ನೊಂದು ಬದಿಗೆ ಬರುತ್ತದಾ? 1957ರಲ್ಲಿ ಬ್ರಾಡ್‌ಬೆಂಟ್ ಮತ್ತು ಹ್ಯಾಮರ್ಸ್ಲಿ ಗಣಿತಕ್ಕೆ ತಂದದ್ದು ಇಂಥದ್ದೇ ಪ್ರಶ್ನೆ.

ಈಗ ಒಂದು ಹಾಳೆ ತಗೊಳ್ಳಿ. ಅಬಕ ಎಂಬ ಸಮಬಾಹು ತ್ರಿಭುಜ ಬರೆಯಿರಿ, ಬಾಹುವಿನ ಉದ್ದ 1. ಒಳಗೆಲ್ಲ ಸಣ್ಣ ಸಣ್ಣ ಷಟ್ಕೋನ ತುಂಬಿ, ಒಂದೊಂದಕ್ಕೂ ನಾಣ್ಯ ಚಿಮ್ಮಿ: ಹೆಡ್ ಬಿದ್ದರೆ ನೀಲಿ ಬಣ್ಣ, ಟೇಲ್ ಬಿದ್ದರೆ ಖಾಲಿ. ಕಅ ಬಾಹುವಿನ ಮೇಲೆ ಎಲ್ಲಾದರೂ ಡ ಎಂಬ ಚುಕ್ಕೆ ಇಡಿ. ಅಬ ಬಾಹುವಿನಿಂದ ಹೊರಟ ನೀಲಿ ದಾರಿ ಕಡ ತುಂಡನ್ನು ಮುಟ್ಟುವ ಸಂಭವನೀಯತೆ ಎಷ್ಟು? ಷಟ್ಕೋನಗಳನ್ನು ಸಣ್ಣದು ಮಾಡುತ್ತಾ ಹೋದರೆ ಉತ್ತರ ಕಡ ತುಂಡಿನ ಉದ್ದವೇ! ಮೂರನೇ ಒಂದು ಭಾಗ ಉದ್ದವಿದ್ದರೆ ಸಂಭವನೀಯತೆಯೂ ಮೂರನೇ ಒಂದು. ಎಷ್ಟು ಸಲ ನೋಡಿದರೂ ನನಗೆ ಇದು ಬೆರಗೇ.

ಈ ಸೂತ್ರ ಬಂದದ್ದು ಫಿಸಿಕ್ಸ್‌ನಿಂದ. ಬೆಲಾವಿನ್, ಪೊಲ್ಯಾಕೊವ್, ಜಮೊಲೊಡ್ಚಿಕೊವ್ 1984ರಲ್ಲಿ ಕಟ್ಟಿದ ಕನ್‌ಫಾರ್ಮಲ್ ಫೀಲ್ಡ್ ಥಿಯರಿ ಹಿಡಿದು 1992ರಲ್ಲಿ ಜಾನ್ ಕಾರ್ಡಿ ಇದನ್ನು ಬರೆದರು. ಕೋನ ಕೆಡದಂತೆ ಆಕಾರ ಬದಲಿಸಿದರೆ ಸಂಭವನೀಯತೆ ಬದಲಾಗದು ಅನ್ನುವುದು ಅವರು ನೆಚ್ಚಿಕೊಂಡ ಮಾತು. ಕಾರ್ಡಿ ಬರೆದ ರೂಪ ಗೋಜಲು, ತ್ರಿಭುಜದಲ್ಲಿ ಇಷ್ಟು ಸರಳವಾಗುತ್ತದೆ ಎಂದು ಕಂಡವರು ಕಾರ್ಲ್‌ಸನ್. ಆದರೆ ಸಾಬೀತು ಇರಲಿಲ್ಲ. ಅದನ್ನು 2001ರಲ್ಲಿ ಕೊಟ್ಟವರು ಸ್ಮಿರ್ನೊವ್, 2010ರಲ್ಲಿ ನಮ್ಮ ಹೈದರಾಬಾದಿನಲ್ಲೇ ಫೀಲ್ಡ್ಸ್ ಪದಕ ಪಡೆದರಲ್ಲ, ಅವರೇ.

ನಿಮಗೆ ಖುಷಿಯಾಗುವ ಸಂಗತಿ ಏನೆಂದರೆ, ಆ ಸಾಬೀತಿನಲ್ಲಿ ಫೀಲ್ಡ್ ಥಿಯರಿ ಇಲ್ಲವೇ ಇಲ್ಲ. ಒಂದು ದಾರಿಯ ಆಚೆಗಿರುವ ನೀಲಿ-ಖಾಲಿಗಳನ್ನು ಅದಲುಬದಲು ಮಾಡಿದರೂ ಸಂಭವನೀಯತೆ ಅಷ್ಟೇ ಇರುತ್ತದೆ, ನಾಣ್ಯಕ್ಕೆ ಎರಡು ಮುಖವೂ ಒಂದೇ ತಾನೆ! ಇದರಿಂದ ಮೂರು ಮೂಲೆಗೆ ಮೂರು ಫಂಕ್ಷನ್‌ಗಳ ನಡುವೆ ಸಂಬಂಧ ಸಿಗುತ್ತದೆ, ಆಮೇಲೆ ಕಾಂಪ್ಲೆಕ್ಸ್ ಅನಾಲಿಸಿಸ್‌ನ ಮೊರೆರಾ ಪ್ರಮೇಯ. ಅದನ್ನು ನೀವು ಓದಿಯೇ ಇರುತ್ತೀರಿ.

ಚೌಕದ ಜಾಲರಿಗೆ ಇದೇ ಸೂತ್ರದ ಸಾಬೀತು ಇನ್ನೂ ಯಾರಿಗೂ ಸಿಕ್ಕಿಲ್ಲ. ಸ್ಮಿರ್ನೊವ್ ಅವರ ಸಾಬೀತು ಓದಿ ಮುಗಿಸಿದ ಮೇಲೆ ಬ್ರೌನಿಯನ್ ಚಲನೆ, ಅಂದರೆ ಗೊತ್ತುಗುರಿಯಿಲ್ಲದ ಅಲೆದಾಟದ ಗಣಿತ, ಕಲಿತು, ಓಡೆಡ್ ಶ್ರಾಮ್ 2000ದಲ್ಲಿ ಪ್ರಕಟಿಸಿದ ಎಸ್‌ಎಲ್‌ಇ (ಆ ಚಲನೆಯಿಂದಲೇ ಹುಟ್ಟುವ ಯಾದೃಚ್ಛಿಕ ವಕ್ರರೇಖೆಗಳು) ಕಡೆಗೆ ಹೋಗಿ.