ಎಫ್‌ಟಿಪಿ ಲಾಗಿನ್ ಆಗುತ್ತದೆ, ಫೈಲ್ ಪಟ್ಟಿ ಯಾಕೆ ಬರುವುದಿಲ್ಲ?

ನೀವು ಕೇಳಿದ್ದು: ಮಾಟುಂಗದ ನಿಮ್ಮ ಫೋಟೋ ಸ್ಟುಡಿಯೋದ ಹೊಸ ಉಬುಂಟು ಯಂತ್ರಕ್ಕೆ ವಿಎಸ್‌ಎಫ್‌ಟಿಪಿಡಿ (ಫೈಲ್ ಕಳಿಸಿ ತರಿಸುವ ಎಫ್‌ಟಿಪಿ ಪದ್ಧತಿಯ ಸರ್ವರ್ ತಂತ್ರಾಂಶ) ಹಾಕಿದ್ದೀರಿ, ಫೈರ್‌ವಾಲ್‌ನಲ್ಲಿ ಪೋರ್ಟ್ 21 (ಸಂಪರ್ಕ ಒಳಬರುವ ಬಾಗಿಲಿನ ಸಂಖ್ಯೆ) ಬಿಟ್ಟಿದ್ದೀರಿ, ಪಾಸ್‌ವರ್ಡ್ ಒಪ್ಪುತ್ತದೆ, ಆಮೇಲೆ ಸುಮ್ನೆ ನಿಂತುಬಿಡುತ್ತದೆ.

ಹೆಚ್ಚಾಗಿ ಫೈರ್‌ವಾಲ್‌ನದೇ ತಕರಾರು. ಎಫ್‌ಟಿಪಿಗೆ ಒಂದು ಬಾಗಿಲು ಸಾಲದು. ಹೋಟೆಲಿನಲ್ಲಿ ಗಲ್ಲೆಯ ಹತ್ತಿರ ಟೋಕನ್ ತಗೊಂಡು ಇಡ್ಲಿಗೆ ಬೇರೆ ಕಿಟಕಿಗೆ ಹೋಗುತ್ತೇವಲ್ಲ, ಹಾಗೆ. 21ರಲ್ಲಿ ನಡೆಯುವುದು ಬರೀ ಮಾತುಕತೆ. ಪಟ್ಟಿಯಾಗಲಿ ಫೋಟೋ ಆಗಲಿ ಬರುವುದು ಎರಡನೇ ಸಂಪರ್ಕದಲ್ಲಿ. ಪ್ಯಾಸಿವ್ ವಿಧಾನದಲ್ಲಿ ಸರ್ವರ್ ಪ್ರತಿ ಸಲ ಯಾವುದೋ ಒಂದು ದೊಡ್ಡ ಸಂಖ್ಯೆಯ ಪೋರ್ಟ್ ಹೇಳಿ 'ಅಲ್ಲಿಗೆ ಬಾ' ಅನ್ನುತ್ತದೆ. ಆ ಕಿಟಕಿಯನ್ನು ನಿಮ್ಮ ಫೈರ್‌ವಾಲ್ ಮುಚ್ಚಿದೆ.

ಆದ್ದರಿಂದ ಸೆಟ್ಟಿಂಗ್ ಫೈಲಿನಲ್ಲಿ ಪ್ಯಾಸಿವ್ ಪೋರ್ಟಿನ ಕನಿಷ್ಠ 40000, ಗರಿಷ್ಠ 40100 ಎಂದು ಎರಡು ಸಾಲು ಬರೆಯಿರಿ. ಅಷ್ಟೇ ಪೋರ್ಟುಗಳನ್ನು ಫೈರ್‌ವಾಲ್‌ನಲ್ಲಿ ಬಿಡಿ. ಸರ್ವರ್ ರೀಸ್ಟಾರ್ಟ್ ಮಾಡಿ. ಪಟ್ಟಿ ಬಂದರೂ ಅಪ್‌ಲೋಡ್ ಆಗದೆ 550 ಅಂತ ಬಂದರೆ, ಸೆಟ್ಟಿಂಗ್ ಫೈಲಿನ 'ರೈಟ್ ಎನೇಬಲ್' ಸಾಲಿನ ಮುಂದಿನ ಹ್ಯಾಶ್ (#) ಗುರುತು ಇನ್ನೂ ಹಾಗೇ ಇದೆಯಾ ನೋಡಿ, ಇದ್ದರೆ ತೆಗೆಯಿರಿ.

ಎಫ್‌ಟಿಪಿಯ ಮೊದಲ ರೂಪ ಬರೆದವರು ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್, 1971ರಲ್ಲಿ. ಆಗ ಫೈರ್‌ವಾಲ್ ಎಲ್ಲಿತ್ತು? ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಕೂಡ ಮುಚ್ಚುಮರೆ ಇಲ್ಲದೆ ಹೋಗುತ್ತದೆ. ನಾನಾಗಿದ್ದರೆ ಎಲ್ಲವನ್ನೂ ಗುಟ್ಟಾಗಿ ಕಳಿಸುವ ಎಸ್‌ಎಫ್‌ಟಿಪಿ ಎಂಬ ಬೇರೆ ಪದ್ಧತಿ ಬಳಸುತ್ತಿದ್ದೆ. ಅದಕ್ಕೆ ಪೋರ್ಟ್ 22 ಒಂದೇ ಸಾಕು.